ಚಿಂತಾಮಣಿಯಿಂದ ಗೆದ್ದು ಬಂದ ಲಾಯರಮ್ಮ

…ಅಯ್ಯೋ, ಅಲ್ಲೇ ಯಾಕೇ ನಿಂತೆ, ಒಳಗೆ ಬಾರೇ ಅಮ್ಮಾಜಿ! ಗೆದ್ದು ಬಂದ ಮಗಳು ಹೊಸ್ತಿಲ ಹೊರಗೆ ನಿಲ್ತಾಳಾ? ಚಲಪತಿ ಮೇಷ್ಟ್ರು ಬಾಗಿಲಲ್ಲೇ ಎಲ್ಲಾ ಹೇಳಿ ಹೋದ್ರಲ್ಲ. ಚಿಂತಾಮಣೀಲಿ ಅಣಕು ಕೋರ್ಟು, ಅಷ್ಟೊಂದು ಸ್ಕೂಲಿನ ಮಕ್ಳು, ಅವ್ರಲ್ಲಿ ನಮ್ಮ ಶಿಡ್ಲಘಟ್ಟದ ಹುಡುಗೀನೇ ಫಸ್ಟು ಲಾಯರು! ಯಾಕೇ ನಗ್ತೀಯ? ನಿಮ್ಮಮ್ಮನ ಬಾಯಲ್ಲಿ ಲಾಯರು ಅಂತ ಬರಬಾರ್ದಾ?

ರೇಷ್ಮೆ ಗೂಡು ಕದ್ದ ಕೇಸಂತೆ. ಆ ಸಾಕ್ಷಿ ಹುಡುಗ ಗೂಡನ್ನೇ ಕಂಡಿಲ್ಲ ಅಂತ ಒಂದೇ ಸಮ ಸುಳ್ಳು ಹೇಳಿದ್ನಂತೆ. ನೀನು ಅವನ ಬುಟ್ಟಿ ತಂದು ಮೇಜಿನ ಮೇಲಿಟ್ಟು, ತುಟಿಪಿಟಿಕ್ ಅನ್ನದೆ ಅವನ ಮುಖಾನೇ ನೋಡ್ತಾ ನಿಂತ್ಯಂತೆ. ತಗೋ, ಅವನೇ ತಡಬಡಾಯಿಸಿ ಎಲ್ಲಾ ಒದರಿಬಿಟ್ನಂತೆ! ಈ ಬಾಯ್ಬಡಕಿಗೆ ಸುಮ್ಮನಿರೋದು ಯಾರೇ ಕಲಿಸಿದ್ದು?

ಹೆಣ್ಣುಮಗು ಪರವೂರಿಗೆ ಬೇಡ ಅಂದ್ರು ನಿಮ್ಮಪ್ಪ. ಹಠ ಹಿಡಿದು ಕಳಿಸಿದೋಳು ನಾನು, ಮರೀಬೇಡ! ಮುಂದಿನ ವಾರ ಕೋಲಾರದ ಸ್ಪರ್ಧೆಗೂ… ಆಯ್ತು, ಅದನ್ನ ಆಮೇಲೆ ನೋಡೋಣ. ಕೈಕಾಲು ತೊಳ್ಕೊ, ಬಿಸಿ ಮುದ್ದೆ ಹಾಕ್ತೀನಿ.

ಏನೇ ನೋಡ್ತಿದ್ದೀಯ? ರಂಗೋಲೀನಾ? ಸುಮ್ನೆ ಹಾಕ್ದೆ. ಯಾಕೆ, ಹಬ್ಬ ಇಲ್ದಿದ್ರೆ ದೊಡ್ಡ ರಂಗೋಲಿ ಹಾಕಬಾರ್ದಾ?

ಆ ತಟ್ಟೆ ಯಾಕೆ ಎತ್ಕೊಂಡೆ? ಎಲೆಅಡಿಕೆ ಕಣೇ. ಪಕ್ಕದ್ಮನೆ ಓಬಳಮ್ಮ ಬಂದಿದ್ಲು, ಕೊಟ್ಟೆ… ತೆಂಗಿನಕಾಯಿ ಅರಿಶಿನ ಕುಂಕುಮನೂ ಅವಳಿಗೇ. ನನ್ಮುಂದೆ ಯಾಕೆ ತಂದಿಡ್ತೀಯ? ಎತ್ತೇ ಅತ್ಲಾಗೆ.

ಕೋಟು ಬಿಚ್ಕೊಡು, ಎರವಲು ತಂದಿದ್ದು, ನಾನೇ ಟ್ರಂಕಲ್ಲಿ ಇಡ್ತೀನಿ. ಬೇಡ, ಟ್ರಂಕು ನೀನು ತೆಗೀಬೇಡ… ನಾನಿಡ್ತೀನಿ ಅಂದ್ನಲ್ಲ, ಅಮ್ಮಾಜಿ!

…ಹೂಂ, ಸೀರೆ. ಹೊಸದೇ. ನನ್ಗೆ ತಗೊಂಡೆ. ಈ ಕೆಂಪು ನನ್ ವಯಸ್ಸಿಗೆ ಒಪ್ಪಲ್ಲ ಅಂತೀಯಾ? ಒಪ್ಪುತ್ತೆ ಬಿಡೇ…

ಅದನ್ನೂ ತಟ್ಟೆ ಪಕ್ಕದಲ್ಲೇ ಇಟ್ಯಾ.

ಹಂಗೆ ನಿಲ್ಬೇಡ ಕಣೇ. ಆ ಕರೀ ಕೋಟಲ್ಲಿ ಕೈಕಟ್ಕೊಂಡು ಹಂಗೆ ನಿಲ್ಬೇಡ. ನಾನೇನು ನಿನ್ನ ಸಾಕ್ಷೀನಾ? ಬೈಯಿ. ಅಳು. ಏನಾದ್ರೂ ಕೇಳು! ನೀನು ಬಾಯ್ಬಿಟ್ಟು ಕೇಳಿದ್ರೆ ಇನ್ನೊಂದು ಸುಳ್ಳಾದ್ರೂ ಹೇಳ್ತಿದ್ದೆ…

ಕೋನಪ್ಪ ಬಂದಿದ್ದ. ಹೂಂ, ನಿಮ್ಮ ಮಾವಾನೇ. ಮಂಚೇನಹಳ್ಳಿಯಿಂದ ನಾಲ್ಕು ಜನ ಹಿರೀಕರು ಬಂದಿದ್ರು. ಎಲೆಅಡಿಕೆ ಬದಲಾಯಿಸ್ಕೊಂಡ್ವಿ. ಶ್ರಾವಣದಲ್ಲಿ ಧಾರೆ ಅಂತ ಮಾತಾಯ್ತು. ನನ್ ತಮ್ಮ ಒಳ್ಳೇವ್ನಮ್ಮ, ಕುಡಿಯಲ್ಲ, ಹೊಡಿಯಲ್ಲ. ನೀನಿನ್ನೂ ತೊಟ್ಟಿಲಲ್ಲಿದ್ದಾಗ ನಮ್ಮಮ್ಮನಿಗೆ ಮಾತು ಕೊಟ್ಟಿದ್ದೆ, ನನ್ ಮಗಳು ನನ್ ತವರಿಗೇ ಅಂತ. ಅವಳು ಪ್ರಾಣ ಬಿಡೋವಾಗ್ಲೂ ಅದನ್ನೇ ಕೇಳಿದ್ಲು. ನಾನೇನು ಮಾಡ್ಲಿ ಹೇಳು?

ಎಸ್ಸೆಲ್ಸಿ ಮುಗೀಲಿ ಅಂತ ಅವ್ರನ್ನ ಕೇಳ್ದೆ ಕಣೇ. ಒಂದ್ಸಲ ಕೇಳ್ದೆ… ಇನ್ನೊಂದ್ಸಲ ಕೇಳೋಕೆ ಬಾಯಿ ಬರ್ಲಿಲ್ಲ.

ಇನ್ನೂ ಯಾಕೆ ನೋಡ್ತಿದ್ದೀಯ? ಎಲ್ಲಾ ಹೇಳಿದ್ನಲ್ಲ! ಇನ್ನೇನೂ ಇಲ್ಲ… ಇಲ್ಲ ಅಂದ್ನಲ್ಲಮ್ಮ…

ಬೆಳಿಗ್ಗೆ ಹೊರಡೋವಾಗ ನೀನು ನನ್ ಕಾಲು ಮುಟ್ಟಿದೆ. ಅಪ್ಪನ್ನ ಒಪ್ಪಿಸಿ ಕಳಿಸ್ತಿದ್ದೀಯ, ನಿನ್ನಂಥ ಅಮ್ಮ ಯಾರಿಗಿದ್ದಾಳೆ ಅಂದೆ. ನಾನು ಕಾಲು ಹಿಂದಕ್ಕೆ ಎಳ್ಕೊಂಡಾಗ ನೀನು ನಾಚಿಕೆ ಅನ್ಕೊಂಡು ನಕ್ಕೆ. ಜ್ಞಾಪಕ ಇದ್ಯಾ?

ನೀನು ಮನೇಲಿದ್ರೆ ನಿನ್ನ ಮುಖ ನೋಡ್ಕೊಂಡು ಆ ಎಲೆಅಡಿಕೆ ಕೊಡೋಕೆ ನನ್ನ ಕೈಲಾಗ್ತಿರ್ಲಿಲ್ಲ. ಅದಕ್ಕೇ ಕಣಮ್ಮ ನಿನ್ನ ಚಿಂತಾಮಣಿಗೆ ಕಳಿಸಿದ್ದು.