ನಂದಿಬೆಟ್ಟದ ಮೇಲೆ ಮೆತ್ತಗಾದ ಬ್ರೇಕು

ಹಲೋ… ಹಲೋ… ಯಾರು ಮಾತಾಡೋದು? ಪೆಟ್ರೋಲ್ ಬಂಕಾ? ಚಿಕ್ಕಬಳ್ಳಾಪುರದ ಬಂಕು ತಾನೆ?… ಹಾಂ, ಸದ್ಯ. ನಾನು ದಕ್ಷಿಣಾಮೂರ್ತಿ ಅಂತ, ಶಿಡ್ಲಘಟ್ಟದ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ನಂದಿಬೆಟ್ಟದ ಮೇಲಿಂದ ಮಾತಾಡ್ತಿದೀನಿ, ಬಂಗಲೆ ಫೋನಲ್ಲಿ.

…ಪೆಟ್ರೋಲ್ ಬೇಡಪ್ಪ, ಪೆಟ್ರೋಲ್ ಇದೆ. ನಿಮ್ಮ ಪಕ್ಕದ ಶೆಡ್ಡಲ್ಲಿ ಮೆಕ್ಯಾನಿಕ್ ಆವುಲಪ್ಪ ಇದಾನಲ್ಲ, ಅವನನ್ನ ಸ್ವಲ್ಪ ಕೂಗ್ತೀರಾ?… ಊಟ ಮಾಡ್ತಿದಾನಾ? ನಾಕೂವರೆಗೆ ಎಂಥಾ ಊಟಾರೀ ಅದು?… ಸರಿ, ಸರಿ, ಕೈ ತೊಳೀದೇ ಇದ್ರೂ ಪರವಾಗಿಲ್ಲ, ಬರ್ಲಿ. ಪ್ರಾಣದ ವಿಷಯ ಅನ್ನಿ… ಇಲ್ಲಪ್ಪ, ಯಾರೂ ಸತ್ತಿಲ್ಲ. ಕರೀರಿ ಮೊದ್ಲು.

…ಪಂಕಜ, ಇಲ್ಲಿ ಬಾ. ಬಾಗಿಲ ಹತ್ರ ನಿಂತ್ಕೋ. ನಿಮ್ಮಣ್ಣ ಈ ಕಡೆ ಬಂದ್ರೆ ಕೆಮ್ಮು… ಕೆಮ್ಮು ಬರದೇ ಇದ್ರೂ ಕೆಮ್ಮೇ! ನಿಮ್ಮಮ್ಮ ಎಲ್ಲಿ?… ಕಟ್ಟೆ ಮೇಲೆ ಕೂತಿದಾರಾ. ಕೂತಿರ್ಲಿ.

…ಹಾಂ! ಆವುಲಪ್ಪ? ನಾನು ಕಣಪ್ಪ, ಶಿಡ್ಲಘಟ್ಟದ ಮೇಷ್ಟ್ರು. ಹಳೇ ಮಾರಿಸ್ ಕಾರು, ಕರೀದು… ಹಾಂ, ಅದೇ, ಬ್ರೇಕ್ ರಿಪೇರಿಗೆ ತರ್ತೀನಿ ಅಂದು ಬರದೇ ಹೋದೋನು. ಅದೇ ವಿಷಯಕ್ಕೆ ಫೋನ್ ಮಾಡಿದ್ದು.

…ಆಯ್ತು ರಿಪೇರಿ. ಹೋದ ಭಾನುವಾರ ಆಯ್ತು… ಎಲ್ಲಿ ಅಂದ್ರೆ, ಮನೇಲೇ… ಮನೇಲಿ ಯಾರು ಅಂದ್ರೆ ಏನಪ್ಪ, ಮನೇಲಿರೋದು ನಾನು, ನಮ್ಮ ಮನೆಯೋಳು, ಒಂದು ಹಸು. ನಾನೇ ಮಾಡ್ದೆ!… ನಗಬೇಡ. ಪುಸ್ತಕ ಮುಂದಿಟ್ಕೊಂಡೇ ಮಾಡಿದ್ದು. ಹಿಂದಿನ ಎರಡು ಗಾಲೀದೂ ಬ್ರೇಕ್ ರಬ್ಬರು ಬದಲಾಯಿಸ್ದೆ.

…ಏನಾಗಿದೆ ಅಂದ್ರೆ, ಪೆಡ್ಲು ಮೆತ್ತಗಾಗಿದೆ. ಹೋಳಿಗೆ ಕಣಕ ಒತ್ತಿದ ಹಾಗೆ ಒಳಗೆ ಹೋಗ್ಬಿಡತ್ತೆ, ಹಲಗೆವರೆಗೂ… ಕೇಳ್ತಿಲ್ವಾ? ಜೋರಾಗಿ ಹೇಳಕ್ಕಾಗಲ್ಲ ಕಣಪ್ಪ, ಹೊರಗೆ ಜನ ಇದಾರೆ. ಮೆ-ತ್ತ-ಗಿ-ದೆ!… ಎರಡು ಮೂರು ಸಲ ಒತ್ತಿದ್ರಾ? ಹಾಂ, ಮೇಲಕ್ಕೆ ಬರತ್ತೆ, ಒಂಚೂರು ಗಟ್ಟಿ ಆಗತ್ತೆ. ಕಾಲು ತೆಗೆದು ಒಂದು ಗಳಿಗೆ ಬಿಟ್ಟು ಒತ್ತಿದ್ರೆ ಮತ್ತೆ ಅದೇ ಹಾಡು.

…ಇಲ್ಲ, ಒತ್ತಿ ಹಿಡ್ಕೊಂಡ್ರೆ ಇಳಿಯಲ್ಲ. ಎಲ್ಲಿರತ್ತೋ ಅಲ್ಲೇ ನಿಲ್ಲತ್ತೆ… ಎಣ್ಣೆ ಸೋರಿಲ್ಲ, ಗಾಲಿ ಒಳಗಡೆ ಒಣಗಿದೆ. ಚಪ್ಪಲಿ ಹುಡುಕೋನ ಹಾಗೆ ಬಗ್ಗಿ ಬಗ್ಗಿ ನೋಡ್ದೆ… ಬ್ರೇಕಿನ ಡಬ್ಬೀಲಿ ಎಣ್ಣೆ ಕತ್ತಿನವರೆಗೂ ಇದೆ… ಸೀಮೆಎಣ್ಣೇಲಿ ತೊಳೆದ್ನಾ? ಛೆ, ರಬ್ಬರು ಉಬ್ಬಿಹೋಗತ್ತೆ ಅನ್ನೋದು ಗೊತ್ತಿಲ್ವಾ ನನಗೆ? ಬ್ರೇಕ್ ಆಯಿಲಲ್ಲೇ ತೊಳ್ದಿದ್ದು.

…ಗಾಳಿನಾ? ಪೈಪಲ್ಲಿ ಗಾಳಿ ಹೇಗೆ ಸೇರತ್ತೆ? ನಾಲ್ಕು ಗಾಲಿ ಪೈಪಿಂದಲೂ ಗಾಳಿ ತೆಗೆದೆನಲ್ಲ!… ಆವುಲಪ್ಪ, ದ್ರವ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗತ್ತೆ ಅಂತ ಹದಿನೈದು ವರ್ಷದಿಂದ ಪಾಠ ಮಾಡ್ತಿದೀನಿ. ನನಗೇ ಹೇಳ್ತೀಯಾ?… ಸರಿ, ಹೇಳು. ಹೇಳಪ್ಪ. ಈವತ್ತು ನೀನೇ ಮೇಷ್ಟ್ರು.

…ಊರಲ್ಲೇ ಸ್ವಲ್ಪ ಮೆತ್ತಗಿತ್ತು, ನಿಜ. ಹೊಸ ರಬ್ಬರು ಅಲ್ವಾ, ಹೊಂದ್ಕೊಳ್ಳತ್ತೆ ಅಂದ್ಕೊಂಡೆ. ಬೆಟ್ಟ ಹತ್ತೋವಾಗ ಬ್ರೇಕು ಯಾರಿಗೆ ಬೇಕು ಹೇಳು? ಮೇಲೆ ಬಂದು ನಿಲ್ಲಿಸಣ ಅಂತ ಒತ್ತಿದ್ರೆ ನಿಲ್ಲಲೇ ಇಲ್ಲ. ಬಂಗಲೆ ಮುಂದಿನ ಹೂವಿನ ಪಾತಿಗೆ ನುಗ್ಗಿ ನಿಂತ್ಕೊಳ್ತು. ನಮ್ಮ ಅತ್ತೆಯವರು, ನೆರಳು ನೋಡಿ ನಿಲ್ಲಿಸಿದ್ರಿ, ಜಾಣರು ಅಂದ್ರು.

…ಯಾಕೆ ಬಂದ್ವಿ ಅಂದ್ರೆ, ಹೋದ ತಿಂಗಳು ಅಷ್ಟಗ್ರಹ ಕೂಟ ಆಯ್ತಲ್ಲ. ಪ್ರಪಂಚ ಮುಳುಗದೇ ಉಳಿದ್ರೆ ಬೆಟ್ಟದ ಮೇಲಿನ ಯೋಗನಂದೀಶ್ವರನಿಗೆ ಅಭಿಷೇಕ ಮಾಡಿಸ್ತೀನಿ ಅಂತ ಅತ್ತೆಯವರ ಹರಕೆ. ಪ್ರಪಂಚ ಮುಳುಗ್ಲಿಲ್ಲ, ನಾನು ಮುಳುಗ್ದೆ… ಎಷ್ಟು ಜನ ಅಂದ್ರೆ, ನಾನು, ನಮ್ಮ ಮನೆಯೋಳು ಪಂಕಜ, ಅವಳಮ್ಮ ಗೋದಮ್ಮನವರು, ಅವಳಣ್ಣ ಯೋಗನರಸಿಂಹಯ್ಯನವರು, ಅವರ ಹೆಂಡ್ತಿ, ಮಡಿಲಲ್ಲೊಂದು ಎಂಟು ತಿಂಗಳ ಕೂಸು.

…ಹಾಂ! ಹಾಂ, ಆವುಲಪ್ಪ, ನೀನು ಮಾಡಿದ ಕೆಲಸಕ್ಕೆ ಏನೂ ಕೊರತೆ ಇಲ್ಲ ಕಣಪ್ಪ, ಬ್ರೇಕು ಬಹಳ ಚೆನ್ನಾಗಿದೆ!… ನೀನೇ, ನೀನೇ ಮಾಡಿದ್ದು, ಮರೆತುಬಿಟ್ಯಾ?… ಬನ್ನಿ ಭಾವ, ಬನ್ನಿ. ಮೆಕ್ಯಾನಿಕ್ ಆವುಲಪ್ಪನ ಹತ್ರಾನೇ ಮಾತಾಡ್ತಿದೀನಿ. ಇಳಿಯೋ ಮುಂಚೆ ಒಂದು ಮಾತು ಕೇಳಣ ಅಂತ… ಆಯ್ತು ಭಾವ, ಎರಡೇ ನಿಮಿಷ… ಬೀಗದ ಕೈನಾ? ಪಾತ್ರೆ ಬುಟ್ಟಿ ಒಳಗಿಡಕ್ಕಾ? ತಗೊಳ್ಳಿ, ತಗೊಳ್ಳಿ. ಬುಟ್ಟಿ ಇಟ್ಟಿರಿ, ನಾನು ಬಂದೆ.

…ಹೋದ್ರು. ಪಂಕಜ, ಕೆಮ್ಮು ಅಂದ್ರೆ ಅವರು ಒಳಗೆ ಬಂದ್ಮೇಲಾ ಕೆಮ್ಮೋದು?

…ಬೈಬೇಡಪ್ಪ. ಬೈದ್ರೂ ಮೆತ್ತಗೆ ಬೈ… ಹೌದು, ನಿನ್ನ ಹೆಸರು ಹೇಳಿದೀನಿ. ನಮ್ಮ ಭಾವ ಗೌರಿಬಿದನೂರಲ್ಲಿ ಓವರ್‌ಸಿಯರು. ಹೋದ ವರ್ಷ ಅವರ ರೇಡಿಯೋ ನಾನು ರಿಪೇರಿ ಮಾಡಿಕೊಟ್ಟೆ. ಅವತ್ತಿಂದ ಅದು ಮೌನವ್ರತ ಹಿಡಿದಿದೆ. ಈ ಸಲ ಹೊರಡೋ ಮುಂಚೇನೇ ಕಾಗದ ಬರೆದ್ರು, ಕಾರಿಗೆ ನೀವು ಕೈ ಹಾಕಿದ್ರೆ ಅಮ್ಮನ್ನ ಅದರಲ್ಲಿ ಕೂರಿಸಲ್ಲ ಅಂತ. ಅದಕ್ಕೇ, ಚಿಕ್ಕಬಳ್ಳಾಪುರದ ಆವುಲಪ್ಪನ ಕೈಲಿ ಮಾಡಿಸಿದೀನಿ ಅಂತ ಬರೆದ್ಬಿಟ್ಟೆ.

…ಯಾಕೆ ಸುಳ್ಳು ಹೇಳಿದೆ ಅಂದ್ರೆ ಏನು ಹೇಳಲಿ? ಮದುವೆಯಾಗಿ ಹತ್ತು ವರ್ಷ ಆಯ್ತು, ನಾನು ಏನು ಮುಟ್ಟಿದ್ರೂ ಅವರಿಗೆ ತಮಾಷೆ. ಹೊಟ್ಟೆ ಉರಿಯತ್ತೆ ಕಣಪ್ಪ. ಒಂದೇ ಒಂದು ಸಲ ಸರಿಯಾಗಿ ಮಾಡಿ, ಸುಖವಾಗಿ ಮನೆಗೆ ಕರ್ಕೊಂಡು ಹೋದ್ಮೇಲೆ, ಇದು ನಾನೇ ಮಾಡಿದ್ದು ಅಂತ ಹೇಳಣ ಅಂತಿದ್ದೆ.

…ಯಾರು? ಎಕ್ಸ್‌ಚೇಂಜಾ? ಮೂರು ನಿಮಿಷ ಆಯ್ತಾ? ಇನ್ನೊಂದು ಮೂರು ಕೊಡಿ ತಾಯಿ, ಕಟ್ ಮಾಡ್ಬೇಡಿ… ಹಲೋ? ಆವುಲಪ್ಪ, ಇದೀಯಾ? ಒಂದುಪಕಾರ ಮಾಡು. ಭಾವ ಏನಾದ್ರೂ ಫೋನ್ ಕಿತ್ಕೊಂಡ್ರೆ ಸುಮ್ನೆ ಹಾಂ ಅಂದ್ಬಿಡು… ಅನ್ನಲ್ವಾ?… ನಿಜ. ಕಾರು ಉರುಳಿದ್ರೆ ಆವುಲಪ್ಪ ಕಟ್ಟಿದ ಬ್ರೇಕು ಅಂತಾನೇ ಅಂತಾರೆ. ನಿನ್ನ ಶೆಡ್ಡಿಗೆ ಯಾರು ಬರ್ತಾರೆ ಆಮೇಲೆ… ತಪ್ಪಾಯ್ತಪ್ಪ. ಕೇಳಬಾರದಿತ್ತು.

…ಗಾಳಿ ಹೇಗೆ ತೆಗೆದೆ ಅಂದ್ರೆ, ಎಲ್ಲರೂ ತೆಗಿಯೋ ಹಾಗೇ. ನಾನು ಗಾಲಿ ಹತ್ರ ಮಲಗಿದ್ದೆ, ಪಂಕಜ ಸೀಟಲ್ಲಿ ಕೂತು ಪೆಡ್ಲು ಒತ್ತಿದ್ಲು… ಟ್ಯೂಬಾ? ಟ್ಯೂಬಿರ್ಲಿಲ್ಲ, ಎಣ್ಣೆ ಹಿಡಿಯಕ್ಕೆ ಗಾಳಿ ಬಿಡೋ ನಟ್ಟಿನ ಕೆಳಗೆ ತೆಂಗಿನ ಚಿಪ್ಪು ಇಟ್ಟಿದ್ದೆ… ಒತ್ತು ಅಂತಿದ್ದೆ, ಒತ್ತೋಳು. ನಾನು ನಟ್ಟು ಸಡಿಲ ಮಾಡಿ, ಬಿಟ್ಟೆ ಅಂತ ಕೂಗ್ತಿದ್ದೆ. ಎಣ್ಣೆ ಚಿಮ್ಮೋದು. ಅವಳು ಒಳಗಿಂದ ಏನೋ ಅನ್ನೋಳು, ನಾನು ನಟ್ಟು ಬಿಗಿ ಮಾಡೋನು… ಅವಳು ಏನಂತಿದ್ಲಾ? ಇರು, ಇಲ್ಲೇ ಇದಾಳೆ, ಕೇಳ್ತೀನಿ.

…ಪಂಕಜ, ಅವತ್ತು ನಾನು ಬಿಟ್ಟೆ ಅಂದಾಗ ನೀನು ಏನು ಮಾಡ್ತಿದ್ದೆ?… ಕಾಲು ತೆಗೀತಿದ್ಯಾ?… ನೀವು ಬಿಟ್ಟೆ ಅಂದ್ರಿ, ನಾನೂ ಬಿಟ್ಟೆ ಅಂತೀಯಾ. ಹೂಂ… ಪ್ರತಿ ಸಲಾನಾ?… ಪ್ರತಿ ಸಲಾನೂ.

…ಆವುಲಪ್ಪ, ಕೇಳಿಸ್ತಾ? ನಾನು ನಟ್ಟು ಬಿಟ್ಟೆ ಅಂದೆ, ಅವಳು ಕಾಲು ಬಿಟ್ಟೆ ಅಂದ್ಲು… ಹೌದು, ನಟ್ಟು ಇನ್ನೂ ತೆರೆದೇ ಇರ್ತಿತ್ತು, ಅಷ್ಟರಲ್ಲಿ ಪೆಡ್ಲು ಮೇಲೆದ್ದು ಹೊರಗಿನ ಗಾಳೀನೆಲ್ಲ ಒಳಗೆ ಎಳ್ಕೊಳ್ಳೋದು. ಗಾಲಿಗೆ ಹತ್ತು ಸಲ ಮಾಡಿದೀವಿ. ಗಾಳಿ ತೆಗೀಲಿಲ್ಲ ನಾವು, ತುಂಬಿಸಿದ್ವಿ… ಹಾಂ? ತೊಕ್ಕು ಅಂದ್ರೆ ಒತ್ತಬೇಕು, ಪಟ್ಟು ಅಂದ್ರೆ ಹಿಡ್ಕೊಂಡಿರಬೇಕು… ತೆಲುಗಲ್ಲೇ ಹೇಳ್ಬೇಕು ಅಂತೀಯಾ? ಹೋಗ್ಲಿ, ಕನ್ನಡದಲ್ಲೇ ಹಿಡ್ಕೋ ಅಂದಿದ್ರೂ ಸಾಕಾಗಿತ್ತು. ಅದನ್ನೂ ಅನ್ಲಿಲ್ಲ ನಾನು… ಅವಳ ತಪ್ಪಲ್ಲ. ಹೇಳಿಕೊಡಬೇಕಾದೋನು ನಾನು. ಪಂಕಜ, ನಿನ್ನ ತಪ್ಪಲ್ಲ ಕಣೇ, ಕಣ್ಣೊರೆಸ್ಕೋ.

…ಈಗ ಏನು ಮಾಡೋದು ಹೇಳು. ಫಸ್ಟ್ ಗೇರಲ್ಲಿ, ಹ್ಯಾಂಡ್ ಬ್ರೇಕ್ ಹಿಡ್ಕೊಂಡು, ಮೆಲ್ಲಗೆ ಇಳಿದ್ರೆ?… ಅಷ್ಟು ಜನ ಇಟ್ಕೊಂಡು ಆಗಲ್ವಾ? ಒಬ್ಬನೇ ಆದ್ರೂ ಬೇಡ್ವಾ?… ಬಸ್ಸು ನಾಕಕ್ಕೇ ಇಳಿದುಹೋಯ್ತು. ಬಂಗಲೇಲಿ ಇರಣ ಅಂದ್ರೆ, ಯಾರೋ ದೊಡ್ಡ ಆಫೀಸರು ಬರ್ತಾರಂತೆ, ಒಂದು ಕೋಣೆಯೂ ಇಲ್ಲ ಅಂತಾನೆ ಕಾವಲುಗಾರ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಇಲ್ಲಿ ದರಿ ಕಿಟಕಿಯಿಂದಾನೇ ಕಾಣತ್ತೆ. ಪುಲಿ ಹೊರಗೆ ಬುಟ್ಟಿ ಇಡ್ತಿದಾರೆ. ಭಯ ಆಗ್ತಿದೆ ಕಣಪ್ಪ ನನಗೆ.

…ನೀನೇ ಬರ್ತೀಯಾ? ಎಣ್ಣೆ, ಟ್ಯೂಬು ಎಲ್ಲಾ ತಗೊಂಡು? ದೇವರು ಬಂದ ಹಾಗೆ ಬಾ… ಎರಡು ಗಂಟೆ ಆಗತ್ತಾ. ಅಲ್ಲೀವರೆಗೂ ಇವರಿಗೆ ಏನು ಹೇಳ್ಲಿ? ಪಂಕ್ಚರ್ ಅಂದ್ರೆ ನಾಲ್ಕು ಗಾಲೀನೂ ಕಣ್ಮುಂದೆ ಇದೆ… ನಿಜ ಹೇಳಬೇಕಾ? ಹೇಳ್ತೀನಿ, ಹೇಳ್ತೀನಿ. ನೀನು ಬಂದ್ಮೇಲೆ…

…ಏನದು ಶಬ್ದ? ಪಂಕಜ, ಅದು ನಮ್ಮ ಕಾರಲ್ವಾ? ಯಾರು ಸ್ಟಾರ್ಟ್ ಮಾಡಿದ್ದು?… ನಿಮ್ಮಣ್ಣನಾ! ಓಡೇ, ಓಡು! ಮುಂದೆ ಅಡ್ಡ ಹೋಗ್ಬೇಡ, ಪಕ್ಕದಿಂದ ಕೂಗು!

…ಇರು ಆವುಲಪ್ಪ, ಇರು, ಕಿಟಕಿ… ಈ ಹಾಳು ವೈರು ಸಾಲದು… ಭಾವಾ! ನಿಲ್ಲಿಸಿ! ಬೆಟ್ಟ ಇಳಿಸಬೇಡಿ!… ನಿಮ್ಮ ಡ್ರೈವಿಂಗ್ ಬಗ್ಗೆ ಅಲ್ಲ ಭಾವ, ಜೀಪ್ ಓಡಿಸಿದೀರಿ, ಗೊತ್ತು ನನಗೆ!… ಈ ಸಲ ನಾನೇ ಓಡಿಸ್ತೀನಿ ಅಂತ ನಗ್ತಿದಾರೆ ಆವುಲಪ್ಪ. ಅತ್ತೆಯವರು ಮುಂದೆ ಕೂತಿದಾರೆ. ಹಿಂದೆ ಕೂಸಿದೆ. ಪಾತಿಯಿಂದ ಹಿಂದಕ್ಕೆ ತೆಗೆದ್ರು. ಇಳಿಜಾರಿಗೆ ಇಪ್ಪತ್ತು ಮಾರು ಇಲ್ಲ…

ಭಾವಾ! ಆವುಲಪ್ಪ ಅದನ್ನ ಮುಟ್ಟೇ ಇಲ್ಲ! ನಾನು! ಬ್ರೇಕು ಬಿಚ್ಚಿ ಕಟ್ಟಿದ್ದು ನಾನೇ! ನಾನೇ ಭಾವಾ!

…ಹಾಂ. ನಿಂತಿತು. ನೆಲ ಸಮ ಇತ್ತು, ಅಲ್ಲೇ ನಿಂತಿತು. ನಾನೇ ಅಂದಿದ್ದೇ ತಡ, ಎಂಜಿನ್ ಆಫ್ ಮಾಡಿದ್ರು. ಅತ್ತೆಯವರು ಯಾರ ಕೈಯೂ ಹಿಡೀದೆ ಇಳಿದ್ಬಿಟ್ರು. ಕೂಸನ್ನೂ ಇಳಿಸ್ಕೊಂಡ್ರು.

…ಫೋನ್ ಇಡಬೇಡ ಆವುಲಪ್ಪ. ಭಾವ ಈ ಕಡೇನೇ ಬರ್ತಿದಾರೆ. ಏನಾದ್ರೂ ಮಾತಾಡ್ತಿರು, ಬ್ರೇಕಿನ ವಿಷಯಾನೇ ಆಗ್ಬೇಕು ಅಂತಿಲ್ಲ. ನಿಮ್ಮನೇಲಿ ಎಲ್ಲಾ ಹೇಗಿದಾರೆ?… ಇರು. ಇರು ಒಂದ್ನಿಮಿಷ.

…ಪಂಕಜ ಅವರನ್ನ ಮೆಟ್ಟಿಲ ಹತ್ರ ತಡೆದು ಏನೋ ಹೇಳ್ತಿದಾಳೆ. ಸೀರೆ ನೆರಿಗೆ ಒಂಚೂರು ಎತ್ತಿ ತನ್ನ ಬಲಗಾಲು ತೋರಿಸ್ತಿದಾಳೆ… ಅಯ್ಯೋ, ತಪ್ಪು ನಂದು ಅಂತಿದಾಳೆ ಆವುಲಪ್ಪ. ಪೆಡ್ಲು ಒತ್ತಿದ್ದು ನಾನು ಅಂತ. ಭಾವ ಅವಳಿಗೆ ಬೈತಿದಾರೆ, ಬೆರಳು ತೋರಿಸಿ ಬೈತಿದಾರೆ. ತಲೆ ತಗ್ಗಿಸಿ ನಿಂತಿದಾಳೆ.

…ಹಾಂ? ಯಾರು? ಎಕ್ಸ್‌ಚೇಂಜಾ?… ಬೇಡಮ್ಮ, ಇನ್ನು ಬೇಡ. ಕಟ್ ಮಾಡಿಬಿಡಿ. ನಾನು ಹೊರಗೆ ಹೋಗ್ಬೇಕು.