ಹ್ಯಾಂಗರಿನ ಲೆಕ್ಕ

ಫಿಲಿಪ್ಪೀನ್ಸಿನ ಕವೀತೆ ಊರಿನ ಆಸ್ಪತ್ರೆಯಲ್ಲಿ ಔಷಧಿ ಚೀಟಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ, ತಳ್ಳುಮಂಚದ ಮೇಲೆ ಮಲಗಿದ್ದ ಹೆಂಡತಿಯ ಕೈ ಹಿಡಿದು ಒಬ್ಬ ಮುದುಕ ನಿಂತಿದ್ದ. ಅವಳಿಗೆ ಪಿತ್ತಕೋಶದ ಆಪರೇಷನ್ನು.

"ಲೂನಿಂಗ್, ಹೊಲಿಗೆ ಹಾಕೋ ಮುಂಚೆ ಕತ್ತರಿ, ಚಿಮಟ ಎಲ್ಲಾ ಎಣಿಸ್ತಾರಾ ಅಂತ ಡಾಕ್ಟರನ್ನ ಕೇಳ್ಲಾ?" ಅಂದ ಹೆಂಡತಿಗೆ.

"ಸುಮ್ನಿರು ಡೆಂಚೊ. ನಾನೇನು ನಿನ್ನ ವಿಮಾನಾನಾ?"

"ನೇವೀಲಿ ಮೂವತ್ತೊಂದು ವರ್ಷ ವಿಮಾನ ರಿಪೇರಿ ಮಾಡಿದೀನಿ. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ರೂ ಹಾರೋಕೆ ಬಿಟ್ಟಿಲ್ಲ."

"ಗೊತ್ತಪ್ಪಾ. ಕ್ರಿಸ್‌ಮಸ್ ದಿನ ಯಾರನ್ನೂ ಮನೆಗೆ ಬಿಡದೆ ವಿಮಾನ ನಿಲ್ಲಿಸೋ ಹ್ಯಾಂಗರೆಲ್ಲಾ ಹುಡುಕಿಸ್ದೆ. ಸ್ಪ್ಯಾನರ್ ನಿನ್ನ ಜೇಬಲ್ಲೇ ಇತ್ತು."

"ಇತ್ತಲ್ಲ! ಲೆಕ್ಕ ಸರಿಹೋಯ್ತಲ್ಲ!"

ನರ್ಸ್ ಬಂದಳು. ಹೆಂಡತಿ ಉಂಗುರ, ಎರಡು ಓಲೆ ಬಿಚ್ಚಿ, ಹಲ್ಲಿನ ಸೆಟ್ಟನ್ನೂ ತೆಗೆದು ಅವನ ಅಂಗೈಗಿಟ್ಟಳು.

"ತಗೋ, ಎಣಿಸ್ಕೋ. ನಾಲ್ಕು."

"ಐದು."

"ನಾಲ್ಕೇ ಕಣೋ! ವಯಸ್ಸಾಯ್ತು ನಿಂಗೆ."

"ನೀನೂ ಸೇರಿ ಐದು. ಐದೂ ಸಿಗೋವರೆಗೆ ಇಲ್ಲಿಂದ ಯಾರೂ ಮನೆಗೆ ಹೋಗಂಗಿಲ್ಲ."

ಅವಳು ಬೊಚ್ಚುಬಾಯಲ್ಲಿ ನಕ್ಕಳು. ಮಂಚ ಉರುಳಿತು. ಅವನು ಮುಷ್ಟಿ ಬಿಗಿಹಿಡಿದು ಬಾಗಿಲವರೆಗೂ ಜೊತೆಗೇ ನಡೆದ.

ಸ್ವಲ್ಪ ಹೊತ್ತಿಗೆ ನನ್ನ ಚೀಟಿ ಬಂತು. ಹೋಗಬಹುದಿತ್ತು. ಕೂತೇ ಇದ್ದೆ.