ಬಾರ್ಬರ್ ಡಾಕ್ಟರಮ್ಮ

೧೯೪೩ರ ಬೇಸಿಗೆ. ರಾಯಚೂರಿನ ಒಂದು ದವಾಖಾನೆಯ ಪಡಸಾಲೆಯಲ್ಲಿ ಗಬ್ಬೂರಿನ ಗದ್ದೆಮ್ಮ ಸರದಿಗೆ ಕಾಯುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಆದರೆ ಚಾಕುವಿನ ಭಯಕ್ಕೆ ಎದ್ದು ಊರಿಗೆ ಹೋಗಿಬಿಡಲೇ ಎನಿಸುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ, ಎರಡೂ ಕಣ್ಣು ಮಂಜಾದ ಮುದುಕ ಮೂಕಪ್ಪ ತನ್ನ ಮಗಳು ಮಾನಮ್ಮನನ್ನು ಮೆಲ್ಲಗೆ ಕೇಳಿದ.

“ಈ ಇಂಗ್ಲಿಷ್ ಡಾಕ್ಟರಮ್ಮನ ಹೆಸರೇನಂದಿ?”

“ಬಾರ್ಬರ್ ಅಂತ, ಯಪ್ಪಾ. ಅದು ಅವರ ಮನೆತನದ ಹೆಸರು.”

“ಹಂಗಂದ್ರ ಕ್ಷೌರ ಮಾಡಾವ ಅಂತ ಕಂಪೌಂಡರ್ ಹೇಳಿದ. ತಲಿ ಬೋಳ್ಸೋರ ಕೈಯಾಗ ನನ್ನ ಕಣ್ಣು ಕೊಡಾಕತ್ತೀಯೇನು?”

“ಅದು ಅವರ ಹಿರೇರ ಕಸುಬು. ಆಗ ಅವರ ದೇಶದಾಗ ಕ್ಷೌರ ಮಾಡೋರೇ ಕೀವು ತುಂಬಿದ ಕುರಾ ಕೊಯ್ತಿದ್ರಂತ, ಹಲ್ಲೂ ಕೀಳ್ತಿದ್ರಂತ. ಕಸುಬು ಹೋತು, ಹೆಸರು ಉಳೀತು.”

“ಯಾರು ಹೇಳಿದ್ರು?”

“ಡಾಕ್ಟರಮ್ಮನೇ ಹೇಳಿದ್ರು.”

“ತನ್ನ ಮನೆತನದ ಮ್ಯಾಲ ಆಕಿ ಕೆಟ್ಟದ್ದು ಹೇಳ್ತಾಳೇನು?”

“ಅದ್ರಾಗ ಕೆಟ್ಟದ್ದೇನದ? ನಿನ್ನ ಬೆನ್ನಿನ ಕುರಾ ಕೊಯ್ದು ಜೀವ ಉಳಿಸಿದಾವ ಯಾರು?”

ಮೂಕಪ್ಪ ಬೆನ್ನಿನ ಹಳೆಯ ಕಲೆಯನ್ನು ಸವರಿಕೊಂಡ.

“ನಮ್ಮೂರಾಗ ಕ್ಷೌರ ಮಾಡೋ ಹಡಪದ ಹಂಪಣ್ಣ. ಆದ್ರ ಅವನ್ನ ಹುಟ್ಟಿದಾಗಿಂದ ಬಲ್ಲೆ. ಈಕಿನ್ನ ಬಲ್ಲೆನೇನು?”

ಒಳಗಿನಿಂದ ನರ್ಸ್ ಅವನ ಹೆಸರು ಕೂಗಿದಳು. ಮುದುಕ ಮಗಳ ಭುಜ ಹಿಡಿದು ಎದ್ದ.

“ನಾ ಇನ್ನೂ ನಂಬಿಲ್ಲ, ಹೇಳಿರ್ತೀನಿ. ಕಣ್ಣು ಬಂದ ಮ್ಯಾಲ ಮೊದಲು ಆಕಿ ಮುಖ ನೋಡ್ತೀನಿ. ಆಮ್ಯಾಲ ನಂಬೋ ಮಾತು.”

ಇಬ್ಬರೂ ಬಾಗಿಲು ದಾಟಿದರು. ಗದ್ದೆಮ್ಮ ಊರಿಗೆ ಹೋಗಲು ಏಳಲಿಲ್ಲ; ಅಪ್ಪ-ಮಗಳು ಕುಳಿತಿದ್ದ, ಬಾಗಿಲಿಗೆ ಹತ್ತಿರದ ಜಾಗಕ್ಕೆ ಸರಿದು ಕುಳಿತಳು.